ಎರಡು ಸಲ ಗ್ಯಾಸ್ ತುಂಬಿಸಿದರೂ ಎಸಿ ತಂಪಾಗುತ್ತಿಲ್ಲ, ಅಪ್ಪ ಹಾಸಿಗೆಯಲ್ಲಿದ್ದಾರೆ. ಶಿವಮೊಗ್ಗದವರು ದಾರಿ ಹೇಳಿ

ಗೋಪಾಳದ ಮನೆ
ಏಪ್ರಿಲ್ 9, ರಾತ್ರಿ 10:50

ಎಲ್ಲರಿಗೂ ನಮಸ್ಕಾರ. ಸ್ವಲ್ಪ ಉದ್ದ ಆಗುತ್ತದೆ, ದಯವಿಟ್ಟು ಪೂರ್ತಿ ಓದಿ.

ನಮ್ಮ ಮನೆ ಗೋಪಾಳದಲ್ಲಿ. ಒಂದೇ ಅಂತಸ್ತು, ಮೇಲೆ ಬರೀ ತಾರಸಿ. ಮಧ್ಯಾಹ್ನ ಹನ್ನೆರಡಕ್ಕೆ ಕಾದ ತಾರಸಿ ರಾತ್ರಿ ಹನ್ನೊಂದಾದರೂ ಆರುವುದಿಲ್ಲ. ಅಪ್ಪನಿಗೆ ಮೂರು ವರ್ಷದ ಹಿಂದೆ ಪಾರ್ಶ್ವವಾಯು ಆಯಿತು. ಬಲಗೈ ಬಲಗಾಲು ಆಡುವುದಿಲ್ಲ, ಮಾತೂ ಪೂರ್ತಿ ಬಂದಿಲ್ಲ. ಸೆಖೆ ಆಗುತ್ತಿದೆ ಅಂತ ಹೇಳಲೂ ಅವರಿಗೆ ಆಗುವುದಿಲ್ಲ, ದಿಂಬು ಒದ್ದೆಯಾದಾಗಲೇ ನಮಗೆ ಗೊತ್ತಾಗುವುದು. ಅವರ ಕೋಣೆಗೆ ಅಂತಲೇ ಎಸಿ ಹಾಕಿಸಿದೆವು. 1.5 ಟನ್, ಇನ್ವರ್ಟರ್, ಆರ್-32 ಗ್ಯಾಸ್. ಇದು ಅದರ ಮೂರನೇ ಬೇಸಿಗೆ.

ಹೋದ ವರ್ಷ ಏಪ್ರಿಲ್‌ನಲ್ಲಿ ತಂಪು ಕಡಿಮೆ ಆಯಿತು. ಒಬ್ಬರು ಬಂದು ಗ್ಯಾಸ್ ಖಾಲಿ ಅಂದರು, 2,800 ತಗೊಂಡು ತುಂಬಿದರು. ಮಳೆಗಾಲ ಬಂತು, ಎಸಿ ಹಾಕಲೇ ಇಲ್ಲ. ಈ ವರ್ಷ ಮಾರ್ಚ್‌ನಲ್ಲಿ ಹಾಕಿದರೆ ಮತ್ತೆ ಬರೀ ಗಾಳಿ. ಅದೇ ಅಂಗಡಿಯವರು ಬಂದು ಮತ್ತೆ ಗ್ಯಾಸ್ ತುಂಬಿ 3,200 ತಗೊಂಡರು. ಇಪ್ಪತ್ತೈದು ದಿನ ಚೆನ್ನಾಗಿತ್ತು. ಈಗ ಮತ್ತೆ ಹಾಗೇ. ನಿನ್ನೆ ಬೇರೆಯವರನ್ನು ಕರೆಸಿದೆ. ಹೊರಗಿನ ಪೆಟ್ಟಿಗೆಗೆ ಕಿವಿ ಇಟ್ಟು ಕೇಳಿದರು, ಕಂಪ್ರೆಸರ್ ಹೋಗಿದೆ ಅಂದರು. 16,000 ಆಗುತ್ತದಂತೆ, ಇಲ್ಲಾಂದರೆ ಹೊಸದು ತಗೊಳ್ಳಿ ಅಂದರು.

ಹೊಸದು ತಗೊಳ್ಳುವ ಶಕ್ತಿ ಈಗ ನಮಗಿಲ್ಲ. ಅಪ್ಪನ ಔಷಧಿ, ನೋಡಿಕೊಳ್ಳುವವರ ಸಂಬಳ ಎಲ್ಲಾ ಇದೆ. ನಿಜವಾಗಿ ಏನಾಗಿರಬಹುದು? ಯಾರನ್ನು ನಂಬುವುದು?

ವಿನೋಬನಗರದವ
ಏಪ್ರಿಲ್ 9, ರಾತ್ರಿ 11:15

ಅಕ್ಕ, ಮೊದಲು ಫಿಲ್ಟರ್ ತೊಳೆದು ನೋಡಿ. ನಮ್ಮನೆಯಲ್ಲಿ ಒಂದು ಸಲ ಅಷ್ಟೇ ಆಗಿತ್ತು. ಜಾಲರಿ ಪೂರ್ತಿ ಧೂಳು ಕಟ್ಟಿ ಗಾಳಿಯೇ ಬರುತ್ತಿರಲಿಲ್ಲ.

ಗೋಪಾಳದ ಮನೆ
ಏಪ್ರಿಲ್ 9, ರಾತ್ರಿ 11:22

ಹದಿನೈದು ದಿನಕ್ಕೊಮ್ಮೆ ತೊಳೆಯುತ್ತೇನೆ. ಗಾಳಿ ಜೋರಾಗೇ ಬರುತ್ತಿದೆ, ತಂಪಿಲ್ಲ ಅಷ್ಟೇ.

ತೀರ್ಥಹಳ್ಳಿ ಹೆಂಚಿನಮನೆ
ಏಪ್ರಿಲ್ 10, ಬೆಳಗ್ಗೆ 6:05

ಮಲೆನಾಡಿನಲ್ಲಿ ಎಸಿ ಬೇಕಾ ಅಂತ ಕೇಳಬೇಕೆನಿಸಿತು, ಅಪ್ಪನ ವಿಷಯ ಓದಿದ ಮೇಲೆ ಕೇಳುವುದಿಲ್ಲ. ನಮ್ಮದು ಮಣ್ಣಿನ ಗೋಡೆ, ಹೆಂಚು, ಮೇಲೆ ಅಟ್ಟ. ಮಧ್ಯಾಹ್ನ ಜಗಲಿಯಲ್ಲಿ ಮಲಗಿದರೆ ಫ್ಯಾನೂ ಬೇಡ. ಶಿವಮೊಗ್ಗ ಪೇಟೆಯ ತಾರಸಿ ಮನೆ ಹಾಗಲ್ಲ, ನನಗೆ ಗೊತ್ತು. ತಂಗಿ ಮನೆ ಅಲ್ಲೇ ಇದೆ.

ಎಸಿ ಸರಿಯಾಗುವವರೆಗೆ ಒಂದು ಕೆಲಸ ಮಾಡಿ. ಆ ಕೋಣೆಯ ಮೇಲಿನ ತಾರಸಿಗೆ ಅಡಿಕೆ ಸೋಗೆ ಹೊದೆಸಿ. ನೇರ ನೆಲದ ಮೇಲೆ ಹಾಸಬೇಡಿ. ನಾಲ್ಕು ಗೂಟಕ್ಕೆ ಬಿದಿರು ಕಟ್ಟಿ ಎರಡು ಅಡಿ ಎತ್ತರದಲ್ಲಿ ಚಪ್ಪರದ ಹಾಗೆ ಮಾಡಿ, ನಡುವೆ ಗಾಳಿ ಆಡಬೇಕು. ಬಿಸಿಲು ತಾರಸಿಗೆ ಮುಟ್ಟದಿದ್ದರೆ ಒಳಗಿನ ಕಾವು ತುಂಬಾ ಇಳಿಯುತ್ತದೆ. ಉಳಿದ ಜಾಗಕ್ಕೆ ಸುಣ್ಣ ಬಳಿಯಿರಿ. ಸೋಗೆ ಬೇಕಾದರೆ ನಮ್ಮ ತೋಟದಲ್ಲಿ ಬೇಕಾದಷ್ಟಿದೆ, ಶಿವಮೊಗ್ಗಕ್ಕೆ ಬರುವ ಯಾವುದಾದರೂ ಗಾಡಿಯಲ್ಲಿ ಕಳಿಸುತ್ತೇನೆ. ಸುಮ್ನೆ ಹೇಳುತ್ತಿಲ್ಲ, ಮೆಸೇಜ್ ಹಾಕಿ.

ಹಳೇ ಫ್ರಿಜ್ ಮೆಕ್ಯಾನಿಕ್
ಏಪ್ರಿಲ್ 10, ಬೆಳಗ್ಗೆ 7:30

ನೋಡಮ್ಮ, ನಾನು ಭದ್ರಾವತಿಯಲ್ಲಿ ಮೂವತ್ತು ವರ್ಷ ಇದೇ ಕೆಲಸ ಮಾಡಿದವನು. ಈಗ ಬಿಟ್ಟಿದ್ದೇನೆ. ನಿನ್ನ ಮಾತು ಓದಿ ಬೇಜಾರಾಯಿತು, ಅದಕ್ಕೆ ಬಿಡಿಸಿ ಬರೆಯುತ್ತೇನೆ.

ಎಸಿ ಗ್ಯಾಸ್ ಅಡುಗೆ ಸಿಲಿಂಡರಿನ ಗ್ಯಾಸ್ ತರ ಅಲ್ಲ. ಅದು ಉರಿದು ಖಾಲಿಯಾಗುವುದಿಲ್ಲ. ತಾಮ್ರದ ಪೈಪಿನೊಳಗೆ ಅದೇ ಗ್ಯಾಸ್ ಸುತ್ತುತ್ತಾ ಇರುತ್ತದೆ. ಒಳಗಿನ ಕಾಯಿಲ್‌ನಲ್ಲಿ ಆವಿಯಾಗಿ ಕೋಣೆಯ ಕಾವು ಹೀರುತ್ತದೆ. ಹೊರಗಿನ ಪೆಟ್ಟಿಗೆಯಲ್ಲಿ ಕಂಪ್ರೆಸರ್ ಅದನ್ನು ಒತ್ತುತ್ತದೆ, ಅಲ್ಲಿ ಕಾವು ಬಿಟ್ಟು ಮತ್ತೆ ದ್ರವವಾಗುತ್ತದೆ. ಹತ್ತು ವರ್ಷ ಓಡಿಸಿದರೂ ತೂಕ ಅಷ್ಟೇ ಇರಬೇಕು. ಗ್ಯಾಸ್ ಕಡಿಮೆ ಆಗಿದೆ ಅಂದರೆ ಎಲ್ಲೋ ತೂತಿದೆ ಅಂತಲೇ ಅರ್ಥ. ಬೇರೆ ಅರ್ಥವೇ ಇಲ್ಲ. ತೂತು ಹುಡುಕದೆ ಗ್ಯಾಸ್ ತುಂಬುವುದು ಒಡೆದ ಕೊಡಕ್ಕೆ ನೀರು ಹೊಯ್ದ ಹಾಗೆ. ಅದಕ್ಕೆ ದುಡ್ಡು ತಗೊಳ್ಳಬಾರದು.

ಕಂಪ್ರೆಸರ್ ಮಾತು. ಕಿವಿ ಇಟ್ಟು ಕೇಳಿ ಯಾರೂ ಹಾಗೆ ಹೇಳಲು ಆಗುವುದಿಲ್ಲ. ನಿನ್ನದು ಇನ್ವರ್ಟರ್ ಎಸಿ. ಅದರ ಕಂಪ್ರೆಸರಿಗೆ ಮೂರು ತಂತಿ ಹೋಗುತ್ತವೆ. ಕರೆಂಟ್ ಪೂರ್ತಿ ತೆಗೆದು, ಸ್ವಲ್ಪ ಹೊತ್ತು ಬಿಟ್ಟು, ಮಲ್ಟಿಮೀಟರ್‌ನಲ್ಲಿ ಎರಡೆರಡು ತಂತಿಯ ನಡುವೆ ರೆಸಿಸ್ಟೆನ್ಸ್ ಅಳೆಯಬೇಕು. ಮೂರು ಜೋಡಿಗೂ ಒಂದೇ ಸಮ ಬರಬೇಕು. ತಂತಿಗೂ ಕಂಪ್ರೆಸರ್ ಮೈಗೂ ಸಂಬಂಧ ಇರಬಾರದು. ಎರಡೂ ಸರಿ ಇದ್ದರೆ ವೈಂಡಿಂಗ್ ಸುಟ್ಟಿಲ್ಲ. ಆಮೇಲೆ ಓಡುವಾಗ ಕ್ಲ್ಯಾಂಪ್ ಮೀಟರ್ ಹಾಕಿ ಎಷ್ಟು ಆಂಪಿಯರ್ ಎಳೆಯುತ್ತಿದೆ ನೋಡಬೇಕು. ಇದು ಯಾವುದೂ ಮಾಡದೆ 16,000 ಕೇಳಿದ್ದಾರೆ. ಹೊರಗಿನ ಪೆಟ್ಟಿಗೆ ನೀವು ಮುಟ್ಟಬೇಡಿ. ಪ್ಲಗ್ ತೆಗೆದ ಮೇಲೂ ಬೋರ್ಡಿನ ಕೆಪ್ಯಾಸಿಟರ್‌ನಲ್ಲಿ ಕರೆಂಟ್ ಉಳಿದಿರುತ್ತದೆ, ಶಾಕ್ ಹೊಡೆಯುತ್ತದೆ.

ನೀನು ನೋಡಬಹುದಾದ್ದು ಮೂರು. ಎಸಿ ಹಾಕಿ ಕಾಲು ಗಂಟೆ ಬಿಟ್ಟು ಹೊರಗಿನ ಪೆಟ್ಟಿಗೆ ಹತ್ತಿರ ಹೋಗು. ಫ್ಯಾನ್ ತಿರುಗುತ್ತಿದೆಯಾ? ಸಣ್ಣ ಪೈಪಿನ ಮೇಲೆ ಹಿಮ ಕಟ್ಟಿದೆಯಾ? ಆಮೇಲೆ ಪೈಪಿನ ದಾರಿಯುದ್ದಕ್ಕೂ ಎಲ್ಲಾದರೂ ಎಣ್ಣೆ ಜಿಡ್ಡು ಇದೆಯಾ ನೋಡು. ಗ್ಯಾಸ್ ಜೊತೆ ಕಂಪ್ರೆಸರ್ ಎಣ್ಣೆಯೂ ಸುತ್ತುತ್ತಿರುತ್ತದೆ. ಗ್ಯಾಸ್ ಹಾರಿ ಹೋಗುತ್ತದೆ, ಎಣ್ಣೆ ಅಲ್ಲೇ ಕೂರುತ್ತದೆ.

ವಾರಂಟಿ ಕಾರ್ಡ್ ಹುಡುಕಿದೆಯಾ?

ಸಾಗರದವಳು
ಏಪ್ರಿಲ್ 10, ಬೆಳಗ್ಗೆ 8:10

ಮೆಕ್ಯಾನಿಕ್ ಸರ್ ಹೇಳಿದ್ದು ಸರಿ, ಪರೀಕ್ಷೆ ಮಾಡದೆ ಯಾರೂ ಹೇಳಬಾರದು. ನಮ್ಮನೆಯಲ್ಲೂ ಎಸಿ ಒಂದು ದಿನ ಇದ್ದಕ್ಕಿದ್ದಂತೆ ನಿಂತಿತು. ಬೋರ್ಡ್ ಹೋಗಿದೆ, ಹೊಸ ಬೋರ್ಡಿಗೆ 9,000 ಅಂದರು. ನನ್ನ ಮೈದುನ ಎಲೆಕ್ಟ್ರಿಷಿಯನ್. ಅವನು ಬಿಚ್ಚಿ ನೋಡಿದರೆ ಹೊರಗಿನ ಪೆಟ್ಟಿಗೆಯ ಬೋರ್ಡಿನ ಮೇಲೆ ಒಂದು ಸಣ್ಣ ಹಲ್ಲಿ ಸತ್ತು ಒಣಗಿ ಅಂಟಿಕೊಂಡಿತ್ತು. ಮುಂದಿನ ಕಾಲು ಒಂದು ಬೆಸುಗೆ ಚುಕ್ಕಿಯ ಮೇಲೆ, ಬಾಲ ಇನ್ನೊಂದರ ಮೇಲೆ. ಶಾರ್ಟ್ ಆಗಿ ಫ್ಯೂಸ್ ಹಾರಿತ್ತು. ಬ್ರಷ್‌ನಲ್ಲಿ ತೆಗೆದು, ಒರೆಸಿ, ಬೋರ್ಡಿನ ಮೇಲಿನ ಸಣ್ಣ ಫ್ಯೂಸ್ ಬದಲಿಸಿದ. ಎರಡು ವರ್ಷ ಆಯಿತು, ಇನ್ನೂ ಓಡುತ್ತಿದೆ. ತಂತಿ ಹೋಗುವ ತೂತಿಗೆ ಈಗ ಎಂಸೀಲ್ ಹಾಕಿದ್ದೇವೆ. ಮಲೆನಾಡಲ್ಲಿ ಹಲ್ಲಿ ಇರುವೆ ಇಲ್ಲದ ಮನೆ ಎಲ್ಲಿದೆ ಹೇಳಿ.

ಹೊಸನಗರ ಗುಡ್ಡದ ಮೇಲೆ
ಏಪ್ರಿಲ್ 10, ಬೆಳಗ್ಗೆ 9:00

ಇನ್ನೊಂದು ಮಾತು, ಈ ತಿಂಗಳಲ್ಲಿ ಎಲ್ಲರಿಗೂ ಬೇಕಾದ್ದು. ಏಪ್ರಿಲ್ ಮೇ ಸಂಜೆ ಗುಡುಗು ಶುರುವಾದರೆ ಎಸಿ, ಟಿವಿ ಎಲ್ಲದರ ಪ್ಲಗ್ ಕಿತ್ತಿಡಿ. ಸ್ವಿಚ್ ಆರಿಸಿದರೆ ಸಾಲದು. ನಮ್ಮಲ್ಲಿ ಸಿಡಿಲಿಗೆ ಒಂದೇ ಸಂಜೆ ಮೂರು ಮನೆಯ ಬೋರ್ಡ್ ಸುಟ್ಟವು. ಸ್ಟೆಬಿಲೈಸರ್ ವೋಲ್ಟೇಜ್ ಏರಿಳಿತ ತಡೆಯುತ್ತದೆ, ಸಿಡಿಲು ತಡೆಯುವುದಿಲ್ಲ. ಅರ್ಥಿಂಗ್ ಕೂಡ ಒಮ್ಮೆ ನೋಡಿಸಿ. ಬೇಸಿಗೆಯಲ್ಲಿ ಮಣ್ಣು ಒಣಗಿ ಅರ್ಥಿಂಗ್ ಗುಂಡಿ ಕೆಲಸವೇ ಮಾಡುತ್ತಿರುವುದಿಲ್ಲ. ಅದಕ್ಕೆ ಆಗಾಗ ಎರಡು ಕೊಡ ನೀರು ಹೊಯ್ಯಬೇಕು.

ಗೋಪಾಳದ ಮನೆ
ಏಪ್ರಿಲ್ 10, ಮಧ್ಯಾಹ್ನ 1:40

ಎಲ್ಲರಿಗೂ ತುಂಬಾ ಧನ್ಯವಾದ. ಮೆಕ್ಯಾನಿಕ್ ಸರ್, ನೀವು ಹೇಳಿದ ಹಾಗೆ ನೋಡಿದೆ.

ಹೊರಗಿನ ಫ್ಯಾನ್ ತಿರುಗುತ್ತಿದೆ. ಒಳಗಿಂದ ಗುಂಯ್ ಅಂತ ಸದ್ದೂ ಇದೆ. ಸಣ್ಣ ಪೈಪ್ ಪೆಟ್ಟಿಗೆಗೆ ಸೇರುವ ಜಾಗದಲ್ಲಿ ಬೆರಳಗಲ ಬಿಳಿ ಹಿಮ ಕಟ್ಟಿದೆ, ಈ ಬಿಸಿಲಲ್ಲೂ! ಆ ಜಾಗದಲ್ಲಿ ಜಿಡ್ಡು ಏನೂ ಕಾಣಲಿಲ್ಲ. ನಟ್ಟಿನ ಮೇಲೆ ಧೂಳು ಒಣಗೇ ಇದೆ.

ವಾರಂಟಿ ಕಾರ್ಡ್ ಸಿಕ್ಕಿತು. ಅಪ್ಪನ ಆಸ್ಪತ್ರೆ ಕಾಗದಗಳ ಚೀಲದಲ್ಲೇ ಇತ್ತು. ಕಂಪ್ರೆಸರ್‌ಗೆ 10 ವರ್ಷ ಅಂತ ಬರೆದಿದೆ. ನಾನು ಇಷ್ಟು ದಿನ ಇದನ್ನು ನೋಡೇ ಇರಲಿಲ್ಲ. ನಿಜಕ್ಕೂ ಕಂಪ್ರೆಸರ್ ಹೋಗಿದ್ದರೂ 16,000 ಕೊಡಬೇಕಾಗಿಯೇ ಇರಲಿಲ್ಲ ಅಲ್ವಾ?

ಹಳೇ ಫ್ರಿಜ್ ಮೆಕ್ಯಾನಿಕ್
ಏಪ್ರಿಲ್ 10, ಮಧ್ಯಾಹ್ನ 2:15

ಹೌದಮ್ಮ. ಕಂಪ್ರೆಸರ್ ಕಂಪನಿಯವರೇ ಕೊಡಬೇಕು. ಗ್ಯಾಸ್, ಕೂಲಿ ನಿನ್ನ ತಲೆಗೆ ಬರಬಹುದು, ಅದನ್ನು ಕಾರ್ಡಿನ ಹಿಂದೆ ಸಣ್ಣ ಅಕ್ಷರದಲ್ಲಿ ಬರೆದಿರುತ್ತಾರೆ. ಆದರೆ ಅದು ಹೋಗಿಲ್ಲ ಅಂತ ನನಗೆ ಅನಿಸುತ್ತದೆ. ಹಿಮ ಕಟ್ಟಿದೆ ಅಂದರೆ ಕಂಪ್ರೆಸರ್ ಎಳೆಯುತ್ತಿದೆ. ಗ್ಯಾಸ್ ಅರ್ಧ ಇದ್ದಾಗ ಒತ್ತಡ ಇಳಿದು ಸಣ್ಣ ಪೈಪಿನಲ್ಲೇ ಹೀಗೆ ಹಿಮ ಕೂರುತ್ತದೆ.

ಹೊರಗೆ ಜಿಡ್ಡಿಲ್ಲ. ಹಾಗಾದರೆ ಒಳಗಡೆ ನೋಡು. ಕೋಣೆಯೊಳಗಿನ ಯೂನಿಟ್ಟಿನ ಹಿಂದೆ ಪೈಪು ಗೋಡೆಯ ತೂತಿಗೆ ಹೋಗುವಲ್ಲಿ ಇನ್ನೆರಡು ಜಾಯಿಂಟ್ ಇರುತ್ತವೆ. ಕಪ್ಪು ಫೋಮ್ ಸುತ್ತಿ ಟೇಪ್ ಹಾಕಿರುತ್ತಾರೆ, ಅದಕ್ಕೇ ಯಾರೂ ಬಿಚ್ಚಿ ನೋಡುವುದಿಲ್ಲ. ಅಲ್ಲಿ ಗೋಡೆ ಹೇಗಿದೆ?

ಗೋಪಾಳದ ಮನೆ
ಏಪ್ರಿಲ್ 10, ಮಧ್ಯಾಹ್ನ 2:50

ಸರ್, ಈಗ ಎದ್ದು ಹೋಗಿ ನೋಡಿ ಬಂದೆ. ಕೈ ನಡುಗುತ್ತಿದೆ.

ಯೂನಿಟ್ಟಿನ ಬಲಮೂಲೆಯ ಕೆಳಗೆ ಗೋಡೆಯಲ್ಲಿ ಅಂಗೈಯಗಲ ಒಂದು ಕಲೆ ಇದೆ. ಹೋದ ಮಳೆಗಾಲದಿಂದ ಇದೆ. ಈ ಊರಲ್ಲಿ ಜುಲೈ ಆಗಸ್ಟ್‌ನಲ್ಲಿ ಗೋಡೆ ತೇವ ಹಿಡಿಯದ ಮನೆ ಇಲ್ಲ, ಅದೂ ಹಾಗೇ ಅಂದುಕೊಂಡಿದ್ದೆವು. ಬೇಸಿಗೆಯಲ್ಲಿ ಬಣ್ಣ ಬಳಿಸೋಣ ಅಂತ ಅಮ್ಮ ಹೇಳುತ್ತಿದ್ದರು. ಆದರೆ ಈಗ ಏಪ್ರಿಲ್. ಬೇರೆ ಗೋಡೆಗಳೆಲ್ಲ ಒಣಗಿ ಪುಡಿ ಉದುರುತ್ತಿವೆ. ಇದು ಮಾತ್ರ ಒಣಗಿಲ್ಲ. ಸ್ಟೂಲ್ ಹತ್ತಿ ಬೆರಳಿಂದ ಉಜ್ಜಿದೆ. ನೀರಿನ ತೇವ ಅಲ್ಲ ಸರ್, ಜಾರುತ್ತದೆ. ಎರಡು ಬೆರಳು ಒತ್ತಿ ಬಿಟ್ಟರೆ ಸಣ್ಣಗೆ ಅಂಟುತ್ತದೆ. ಕಲೆಯ ಮೇಲೆ ಮಾತ್ರ ಧೂಳು ಕಪ್ಪಗೆ ಕೂತಿದೆ.

ಒಂಬತ್ತು ತಿಂಗಳಿಂದ ದಿನಾ ಕಣ್ಣೆದುರೇ ಇತ್ತು.

ಹಳೇ ಫ್ರಿಜ್ ಮೆಕ್ಯಾನಿಕ್
ಏಪ್ರಿಲ್ 10, ಮಧ್ಯಾಹ್ನ 3:05

ಅದೇ. ಸಿಕ್ಕಿತು. ಕೈ ಸೋಪು ಹಾಕಿ ತೊಳೆದುಕೋ, ಆ ಎಣ್ಣೆ ಚರ್ಮಕ್ಕೆ ಒಳ್ಳೆಯದಲ್ಲ. ಎಸಿ ಆಫ್ ಮಾಡು, ಇನ್ನು ಓಡಿಸಬೇಡ. ಗ್ಯಾಸ್ ಕಡಿಮೆ ಇದ್ದಾಗ ಓಡಿಸಿದರೆ ಕಂಪ್ರೆಸರ್ ಕಾದು ನಿಜವಾಗಿಯೂ ಹೋಗುತ್ತದೆ. ಕೋಣೆಯ ಕಿಟಕಿ ತೆರೆದಿಡು. ಆರ್-32 ಸ್ವಲ್ಪ ಉರಿಯುವ ಜಾತಿಯ ಗ್ಯಾಸ್. ಇಷ್ಟು ನಿಧಾನ ಸೋರುವುದರಿಂದ ಹೆದರಬೇಕಾಗಿಲ್ಲ, ಆದರೂ ಅಲ್ಲಿ ಊದಿನಕಡ್ಡಿ, ಸೊಳ್ಳೆಬತ್ತಿ ಹಚ್ಚಬೇಡ.

ಆ ಕಲೆಯ ಸುತ್ತ ಪೆನ್ಸಿಲ್‌ನಲ್ಲಿ ಒಂದು ಗೆರೆ ಎಳೆದು ತಾರೀಕು ಬರೆದಿಡು. ಆಮೇಲೆ ಉಪಯೋಗಕ್ಕೆ ಬರುತ್ತದೆ.

ರಿಪೇರಿಗೆ ಬರುವವರನ್ನು ಫೋನಿನಲ್ಲೇ ಕೇಳು: ನೈಟ್ರೋಜನ್ ಸಿಲಿಂಡರ್ ಇದೆಯಾ, ವ್ಯಾಕ್ಯೂಮ್ ಪಂಪ್ ಇದೆಯಾ, ಗ್ಯಾಸ್ ತೂಗುವ ತಕ್ಕಡಿ ಇದೆಯಾ. ಮೂರೂ ಇದ್ದರೆ ಮಾತ್ರ ಬರಲಿ. ಎಷ್ಟು ಗ್ಯಾಸ್ ಹಾಕಬೇಕು ಅಂತ ಹೊರಗಿನ ಪೆಟ್ಟಿಗೆಯ ಚೀಟಿಯ ಮೇಲೆ ಗ್ರಾಂ ಲೆಕ್ಕದಲ್ಲಿ ಬರೆದಿರುತ್ತದೆ. ಅಷ್ಟೇ ಹಾಕಬೇಕು. ಬರೀ ಗೇಜ್ ಮುಳ್ಳು ನೋಡಿ ಅಂದಾಜಿಗೆ ಹಾಕುವುದು ಇನ್ವರ್ಟರ್ ಎಸಿಗೆ ಸರಿಹೋಗುವುದಿಲ್ಲ.

ಕುವೆಂಪು ನಗರ
ಏಪ್ರಿಲ್ 10, ಸಂಜೆ 5:30

ವ್ಯಾಕ್ಯೂಮ್ ಯಾಕೆ ಮಾಡಬೇಕು ಸರ್? ನಮ್ಮನೆಗೆ ಬಂದವರು ಸ್ವಲ್ಪ ಗ್ಯಾಸ್ ಬಿಟ್ಟು ಪೈಪಿನ ಗಾಳಿ ಹೊರಹಾಕಿದರು. ಅಷ್ಟೇ ಸಾಕು ಅಂದರು.

ಹಳೇ ಫ್ರಿಜ್ ಮೆಕ್ಯಾನಿಕ್
ಏಪ್ರಿಲ್ 10, ಸಂಜೆ 6:10

ಸಾಕಾಗುವುದಿಲ್ಲ. ಗಾಳಿಯ ಜೊತೆ ತೇವ ಇರುತ್ತದೆ, ನಮ್ಮ ಮಲೆನಾಡಿನ ಗಾಳಿಯಲ್ಲಿ ಇನ್ನೂ ಜಾಸ್ತಿ. ಆ ತೇವ ಎಣ್ಣೆಗೆ ಸೇರಿದರೆ ಆಮ್ಲವಾಗುತ್ತದೆ, ಒಳಗಿಂದ ಕಂಪ್ರೆಸರ್ ತಿನ್ನುತ್ತದೆ. ಪಂಪ್ ಹಾಕಿ ಕಡಿಮೆ ಅಂದರೂ ಅರ್ಧ ಗಂಟೆ ಎಳೆಯಬೇಕು. ಒತ್ತಡ ಇಳಿದಾಗ ಒಳಗಿನ ನೀರು ಹಾಗೇ ಆವಿಯಾಗಿ ಹೊರಗೆ ಬರುತ್ತದೆ.

ಇನ್ನೊಂದು ವಿಷಯ ಮನಸ್ಸಿಗೆ ನೋವಾಗುತ್ತದೆ. ಹೀಗೆ ಸೋರಿದ ಗ್ಯಾಸ್ ಎಲ್ಲಿಗೆ ಹೋಯಿತು? ಮೇಲಕ್ಕೆ. ಒಂದು ಕಿಲೋ ಆರ್-32 ನೂರು ವರ್ಷದ ಲೆಕ್ಕದಲ್ಲಿ ಸುಮಾರು 675 ಕಿಲೋ ಇಂಗಾಲದ ಡೈಆಕ್ಸೈಡಿನಷ್ಟು ಭೂಮಿ ಕಾಯಿಸುತ್ತದೆ. ಮೊದಲಿನ ಆರ್-410ಎ ಇದರ ಮೂರು ಪಟ್ಟು. ಅದಕ್ಕೂ ಹಿಂದಿನ ಆರ್-22 ಓಝೋನ್ ಪದರಕ್ಕೇ ತೂತು ಮಾಡುತ್ತಿತ್ತು. 1987ರ ಮಾಂಟ್ರಿಯಲ್ ಒಪ್ಪಂದ ಆದ ಮೇಲೆ ಅದನ್ನು ನಿಧಾನಕ್ಕೆ ಬಿಡಿಸುತ್ತಾ ಬಂದರು. ನಾನು ಕೆಲಸ ಕಲಿಯುವಾಗ ಹಳೇ ಗ್ಯಾಸ್ ಬುಸ್ಸೆಂದು ಹೊರಗೆ ಬಿಡುವುದು ಮಾಮೂಲಿ. ಆ ಕೆಲಸ ನಾನೂ ಮಾಡಿದ್ದೇನೆ. ತಪ್ಪು ಅಂತ ಗೊತ್ತಾದ ಮೇಲೆ ಬಿಟ್ಟೆ. ಪ್ರತಿ ಬೇಸಿಗೆಗೆ ಗ್ಯಾಸ್ ತುಂಬಿಸುವ ಮನೆಗಳು ನಮ್ಮೂರಲ್ಲೇ ಎಷ್ಟಿವೆಯೋ. ತೂತು ಮುಚ್ಚಿದರೆ ಮನೆಯವರ ದುಡ್ಡೂ ಉಳಿಯುತ್ತದೆ, ಆಕಾಶಕ್ಕೂ ಒಳ್ಳೆಯದು.

ನರ್ಸ್ ಅಕ್ಕ, ದುರ್ಗಿಗುಡಿ
ಏಪ್ರಿಲ್ 10, ರಾತ್ರಿ 8:20

ಎಸಿ ಮಾತು ತಿಳಿದವರು ಹೇಳಿದ್ದಾರೆ. ನಾನು ಅಪ್ಪನ ಬಗ್ಗೆ ಹೇಳುತ್ತೇನೆ. ಇಪ್ಪತ್ತೆರಡು ವರ್ಷ ವಾರ್ಡಿನಲ್ಲಿ ಇದ್ದವಳು.

ಹಾಸಿಗೆ ಹಿಡಿದವರಿಗೆ ಸೆಖೆಯಲ್ಲಿ ಮೊದಲು ಕೆಡುವುದು ಬೆನ್ನಿನ ಚರ್ಮ. ಬೆವರಿಂದ ನೆನೆದು, ಒತ್ತಡಕ್ಕೆ ಸಿಕ್ಕಿ ಹುಣ್ಣಾಗುತ್ತದೆ. ಎರಡು ಗಂಟೆಗೊಮ್ಮೆ ಮಗ್ಗುಲು ಬದಲಿಸಿ, ರಾತ್ರಿಯೂ. ಸೊಂಟದ ಮೂಳೆ, ಹಿಮ್ಮಡಿ, ಭುಜ ಈ ಮೂರು ಕಡೆ ದಿನಾ ಬೆಳಕಲ್ಲಿ ನೋಡಿ. ಕೆಂಪಗಾದ ಜಾಗ ಒತ್ತಿ ಬಿಟ್ಟಾಗ ಬೆಳ್ಳಗಾಗದೆ ಕೆಂಪಾಗೇ ಉಳಿದರೆ ಹುಣ್ಣು ಶುರುವಾಗಿದೆ ಅಂತ. ಅಲ್ಲಿ ಉಜ್ಜಬೇಡಿ. ಹಾಸಿಗೆ ಮೇಲೆ ರೆಕ್ಸಿನ್ ಇದ್ದರೆ ಅದರ ಮೇಲೆ ಹಳೇ ಹತ್ತಿ ಸೀರೆ ನಾಲ್ಕು ಮಡಿಕೆ ಮಾಡಿ ಹಾಸಿ, ಒದ್ದೆಯಾದ ಕೂಡಲೇ ಬದಲಿಸಿ.

ಬಾಯಾರಿಕೆ ಅವರು ಹೇಳುವುದಿಲ್ಲ, ನೀವೇ ಲೆಕ್ಕ ಇಡಿ. ತಲೆ ಕಡೆ ಎತ್ತರ ಮಾಡಿ ಚಮಚದಲ್ಲಿ ಸ್ವಲ್ಪ ಸ್ವಲ್ಪ ಕೊಡಿ. ನುಂಗುವುದು ಕಷ್ಟ ಇದ್ದರೆ ಡಾಕ್ಟರು ಹೇಳಿದ ರೀತಿಯಲ್ಲೇ ಕೊಡಿ. ಮೂತ್ರ ಗಾಢ ಹಳದಿ ಆದರೆ ನೀರು ಸಾಲುತ್ತಿಲ್ಲ. ಕುತ್ತಿಗೆ, ಕಂಕುಳು, ತೊಡೆಸಂದಿಗೆ ಒದ್ದೆ ಬಟ್ಟೆ ಇಟ್ಟು ಫ್ಯಾನ್ ಹಾಕಿ. ಮೈ ಸುಡುತ್ತಾ 104 ಡಿಗ್ರಿ ಜ್ವರ ತೋರಿಸಿದರೆ, ಮಂಕಾದರೆ, ಕರೆದರೆ ಓಗೊಡದಿದ್ದರೆ ಕಾಯಬೇಡಿ. 108ಕ್ಕೆ ಫೋನ್ ಮಾಡಿ.

ಎಸಿ ಸರಿಯಾದ ಮೇಲೂ 18ಕ್ಕೆ ಇಡಬೇಡಿ. 25, 26 ಸಾಕು. ಗಾಳಿ ನೇರ ಮೈಗೆ ಹೊಡೆಯಬಾರದು.

ಗೋಪಾಳದ ಮನೆ
ಏಪ್ರಿಲ್ 10, ರಾತ್ರಿ 9:45

ಅಕ್ಕ, ಇದನ್ನು ಕಾಗದದಲ್ಲಿ ಬರೆದು ಕೋಣೆಯ ಬಾಗಿಲಿಗೆ ಅಂಟಿಸಿದೆ. ಅಪ್ಪನನ್ನು ನೋಡಿಕೊಳ್ಳುವ ಹುಡುಗಿಗೂ ಓದಿ ಹೇಳಿದೆ.

ತೀರ್ಥಹಳ್ಳಿಯವರೇ, ನಿಮ್ಮ ಸೋಗೆ ಬೇಕು. ಮೆಸೇಜ್ ಹಾಕಿದ್ದೇನೆ.

ಕಾನೂನು ಓದಿದವ
ಏಪ್ರಿಲ್ 11, ಬೆಳಗ್ಗೆ 10:00

ದುಡ್ಡಿನ ಬಗ್ಗೆ ಯಾರೂ ಮಾತಾಡಲಿಲ್ಲ, ಅದಕ್ಕೆ ಬರೆಯುತ್ತಿದ್ದೇನೆ. ಬಿಲ್ ಕೊಟ್ಟಿದ್ದಾರಾ ಮೇಡಂ? ಇಲ್ಲದಿದ್ದರೂ ಫೋನಿನಲ್ಲಿ ಹಣ ಕಳಿಸಿದ ದಾಖಲೆ ಇದ್ದರೆ ಅದೂ ಸಾಕ್ಷಿಯೇ. ಸೋರಿಕೆ ಹುಡುಕದೆ ಎರಡು ಸಲ ಹಣ ತಗೊಂಡಿದ್ದು ಸೇವೆಯಲ್ಲಿನ ಕೊರತೆ. 2019ರ ಗ್ರಾಹಕ ರಕ್ಷಣಾ ಕಾಯ್ದೆಯಲ್ಲಿ ಇದಕ್ಕೆ ದಾರಿ ಇದೆ. ಮೊದಲು ಅಂಗಡಿಗೆ ಹೋಗಿ ನೇರವಾಗಿ ಕೇಳಿ. ಆಗದಿದ್ದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಫೋನ್ ಮಾಡಿ ದೂರು ದಾಖಲಿಸಿ. ಅದೂ ಆಗದಿದ್ದರೆ ಜಿಲ್ಲಾ ಗ್ರಾಹಕ ಆಯೋಗ. 5 ಲಕ್ಷದ ಒಳಗಿನ ದೂರಿಗೆ ಶುಲ್ಕ ಇಲ್ಲ, ವಕೀಲರು ಬೇಕೇ ಬೇಕು ಅಂತಲೂ ಇಲ್ಲ. ಎರಡು ವರ್ಷದ ಒಳಗೆ ಹಾಕಬೇಕು.

ಈಗ ರಿಪೇರಿ ಮಾಡುವವರ ಕೈಯಲ್ಲಿ ತೂತು ಎಲ್ಲಿತ್ತು, ಏನು ಮಾಡಿದರು ಅಂತ ಬಿಲ್ಲಿನಲ್ಲೇ ಬರೆಸಿಕೊಳ್ಳಿ. ಬಿಚ್ಚುವ ಮೊದಲು ಆ ಕಲೆಯ ಫೋಟೋ ತೆಗೆದಿಡಿ.

ವಿನೋಬನಗರದವ
ಏಪ್ರಿಲ್ 11, ಬೆಳಗ್ಗೆ 11:20

ನೈಟ್ರೋಜನ್ ಇಟ್ಟುಕೊಂಡವರು ಒಬ್ಬರು ನನಗೆ ಗೊತ್ತು. ಐಟಿಐ ಮಾಡಿದ ಹುಡುಗ. ನಂಬರ್ ಮೆಸೇಜ್‌ನಲ್ಲಿ ಕಳಿಸಿದ್ದೇನೆ ಅಕ್ಕ.

ಗೋಪಾಳದ ಮನೆ
ಏಪ್ರಿಲ್ 13, ರಾತ್ರಿ 9:30

ಇವತ್ತು ರಿಪೇರಿ ಆಯಿತು. ಎಲ್ಲಾ ಬರೆಯುತ್ತೇನೆ, ಬೇರೆಯವರಿಗೂ ಬೇಕಾಗಬಹುದು.

ಬೆಳಗ್ಗೆ ಅಪ್ಪನನ್ನು ಗಾಲಿ ಕುರ್ಚಿಯಲ್ಲಿ ಕೂರಿಸಿ ಹಾಲ್‌ಗೆ ತಂದೆವು. ಹುಡುಗ ಹತ್ತು ಗಂಟೆಗೆ ಬಂದ. ಮೊದಲು ಕಂಪ್ರೆಸರ್ ತಂತಿಗಳಿಗೆ ಮೀಟರ್ ಹಿಡಿದು ನನ್ನನ್ನೂ ಕರೆದು ತೋರಿಸಿದ. ಮೂರು ಜೋಡಿಗೂ ಒಂದೇ ಅಂಕಿ. "ಇದು ಗಟ್ಟಿಯಾಗೇ ಇದೆ ಮೇಡಂ" ಅಂದ. ನನಗೆ ಅಲ್ಲೇ ಅರ್ಧ ಭಾರ ಇಳಿಯಿತು.

ಆಮೇಲೆ ಉಳಿದಿದ್ದ ಗ್ಯಾಸನ್ನು ಖಾಲಿ ಸಿಲಿಂಡರ್‌ಗೆ ಎಳೆದುಕೊಂಡ, ಹೊರಗೆ ಬಿಡಲಿಲ್ಲ. ಒಳಗಿನ ಯೂನಿಟ್ ಕೆಳಗೆ ಟೇಪ್ ಬಿಚ್ಚಿದ. ಕಪ್ಪು ಫೋಮ್ ಹಿಂಡಿದರೆ ಎಣ್ಣೆ ತೊಟ್ಟಿಕ್ಕಿತು. ಪೈಪಿಗೆ ನೈಟ್ರೋಜನ್ ತುಂಬಿ, ಸೋಪಿನ ನೊರೆಯನ್ನು ಬ್ರಷ್‌ನಲ್ಲಿ ಜಾಯಿಂಟಿಗೆ ಬಳಿದ. ನಾನು ಸ್ಟೂಲ್ ಹಿಡಿದು ಪಕ್ಕದಲ್ಲೇ ನಿಂತಿದ್ದೆ. ಸ್ವಲ್ಪ ಹೊತ್ತು ಏನೂ ಇಲ್ಲ. ಆಮೇಲೆ ದಪ್ಪ ಪೈಪಿನ ನಟ್ಟಿನ ಕೆಳಗೆ ಸಾಸಿವೆಯಷ್ಟು ಒಂದು ಗುಳ್ಳೆ. ಅದು ಕಡಲೆಕಾಳಿನಷ್ಟಾಗಿ ಒಡೆಯಿತು. ಅಲ್ಲೇ ಇನ್ನೊಂದು ಎದ್ದಿತು. ಹೀಗೇ ಒಂದರ ಹಿಂದೆ ಒಂದು.

ನಟ್ ಬಿಚ್ಚಿ ಪೈಪಿನ ಬಾಯಿ ತೋರಿಸಿದ. ತಾಮ್ರದ ಬಾಯಿಯನ್ನು ಕಹಳೆ ಹಾಗೆ ಅರಳಿಸಿ ಕೂರಿಸುತ್ತಾರಲ್ಲ, ಆ ಅಂಚಿನಲ್ಲಿ ಕೂದಲೆಳೆಯಷ್ಟು ಬಿರುಕು. ಬೆಳಕಿಗೆ ಓರೆ ಹಿಡಿದಾಗ ಮಾತ್ರ ಕಾಣುತ್ತದೆ. ಹಾಕುವಾಗಲೇ ಜಾಸ್ತಿ ಬಿಗಿ ಮಾಡಿದ್ದಾರೆ ಅಂದ. ಹೆಚ್ಚು ಬಿಗಿ ಮಾಡಿದರೆ ಸೋರುವುದಿಲ್ಲ ಅಂತ ಎಲ್ಲರೂ ಅಂದುಕೊಳ್ಳುತ್ತಾರಂತೆ, ತಾಮ್ರ ಮೆತ್ತಗಿನದು, ಸೀಳುತ್ತದಂತೆ. ಆ ತುದಿ ಕತ್ತರಿಸಿ ಹೊಸದಾಗಿ ಬಾಯಿ ಅರಳಿಸಿದ. ಹೊಸ ನಟ್ ಹಾಕಿ ಅಳತೆಯ ಪಾನಾದಲ್ಲಿ ಬಿಗಿ ಮಾಡಿದ. ಮತ್ತೆ ನೈಟ್ರೋಜನ್ ತುಂಬಿ ಎರಡು ಗಂಟೆ ಬಿಟ್ಟ. ಗೇಜಿನ ಮುಳ್ಳು ಕದಲಲಿಲ್ಲ. ಅಷ್ಟರಲ್ಲಿ ನಮ್ಮ ಜೊತೆ ಊಟ ಮಾಡಿದ. ಆಮೇಲೆ ನಲವತ್ತು ನಿಮಿಷ ಪಂಪ್ ಹಾಕಿದ. ಗ್ಯಾಸ್ ಸಿಲಿಂಡರ್ ತಕ್ಕಡಿ ಮೇಲಿಟ್ಟು ಚೀಟಿಯಲ್ಲಿ ಬರೆದಷ್ಟೇ ಹಾಕಿದ, 870 ಗ್ರಾಂ. ಎಲ್ಲಾ ಸೇರಿ 4,600. ಬಿಲ್ಲಿನಲ್ಲಿ ತೂತು ಎಲ್ಲಿತ್ತು ಅಂತ ಬರೆಸಿಕೊಂಡೆ.

ಮೂರೂವರೆಗೆ ಎಸಿ ಹಾಕಿದೆವು. ಒಳಗೆ ಹೋಗುವ ಗಾಳಿ 33 ಡಿಗ್ರಿ ಇದ್ದಾಗ ಹೊರಬರುವ ಗಾಳಿ 20 ತೋರಿಸಿತು. ಅಪ್ಪನನ್ನು ಮತ್ತೆ ಮಂಚಕ್ಕೆ ಮಲಗಿಸಿದೆವು. ಅರ್ಧ ಗಂಟೆಯಲ್ಲಿ ನಿದ್ದೆ ಹೋದರು. ಬಾಯಿ ತೆರೆದುಕೊಂಡು, ಎಡಗೈ ಎದೆ ಮೇಲೆ ಇಟ್ಟುಕೊಂಡು. ವಾರದಿಂದ ಮಧ್ಯಾಹ್ನ ಅವರು ಕಣ್ಣು ಮುಚ್ಚಿದ್ದನ್ನು ನೋಡಿರಲಿಲ್ಲ. ಅಮ್ಮ ಬಾಗಿಲಲ್ಲಿ ನಿಂತು ಅತ್ತರು.

ಮೆಕ್ಯಾನಿಕ್ ಸರ್, ನಿಮಗೆ ಹೇಗೆ ಧನ್ಯವಾದ ಹೇಳಲಿ ಗೊತ್ತಾಗುತ್ತಿಲ್ಲ.

ಹಳೇ ಫ್ರಿಜ್ ಮೆಕ್ಯಾನಿಕ್
ಏಪ್ರಿಲ್ 14, ಬೆಳಗ್ಗೆ 6:50

ಓದಿ ಕಣ್ಣು ತುಂಬಿತಮ್ಮ. ಆ ಹುಡುಗನಿಗೆ ನನ್ನ ಕಡೆಯಿಂದ ಶಹಭಾಸ್ ಹೇಳು. ಗ್ಯಾಸ್ ಹೊರಗೆ ಬಿಡದೆ ಎಳೆದುಕೊಂಡನಲ್ಲ, ಅಷ್ಟು ತಾಳ್ಮೆ ಎಲ್ಲರಿಗೂ ಇರುವುದಿಲ್ಲ. ಹದಿಮೂರು ಡಿಗ್ರಿ ವ್ಯತ್ಯಾಸ ಒಳ್ಳೆಯ ಕೆಲಸ.

ಮಳೆಗಾಲ ಬಂದ ಮೇಲೂ ವಾರಕ್ಕೊಮ್ಮೆ ಅರ್ಧ ಗಂಟೆ ಡ್ರೈ ಮೋಡ್‌ನಲ್ಲಿ ಹಾಕು. ಕಾಯಿಲ್ ಬೂಸ್ಟು ಹಿಡಿಯುವುದಿಲ್ಲ, ಅಪ್ಪನ ಕೋಣೆಯ ತೇವವೂ ಇಳಿಯುತ್ತದೆ. ನೀರು ಹೋಗುವ ಪೈಪಿನ ತುದಿಯಲ್ಲಿ ಹುಳ ಮಣ್ಣಿನ ಗೂಡು ಕಟ್ಟುತ್ತದೆ, ಅದನ್ನೂ ನೋಡುತ್ತಿರು. ಕಟ್ಟಿಕೊಂಡರೆ ನೀರು ಒಳಗೇ ತೊಟ್ಟಿಕ್ಕುತ್ತದೆ.

ಕುವೆಂಪು ನಗರ
ಏಪ್ರಿಲ್ 14, ಬೆಳಗ್ಗೆ 8:15

ಇದನ್ನು ಓದಿ ನಾನೂ ಸ್ಟೂಲ್ ಹತ್ತಿ ನೋಡಿದೆ. ನಮ್ಮ ಗೋಡೆ ಒಣಗೇ ಇದೆ. ಆದರೆ ಹೊರಗಿನ ನಟ್ಟಿನಲ್ಲಿ ಜಿಡ್ಡಿದೆ. ಆ ಹುಡುಗನ ನಂಬರ್ ನನಗೂ ಕಳಿಸಿ.

ತೀರ್ಥಹಳ್ಳಿ ಹೆಂಚಿನಮನೆ
ಏಪ್ರಿಲ್ 15, ಸಂಜೆ 7:00

ಸೋಗೆ ತಲುಪಿತಾ? ಎರಡು ಹೊರೆ ಕಳಿಸಿದ್ದೆ.

ಗೋಪಾಳದ ಮನೆ
ಏಪ್ರಿಲ್ 15, ರಾತ್ರಿ 8:10

ತಲುಪಿತು ಅಣ್ಣ. ತಮ್ಮ ಇವತ್ತು ಚಪ್ಪರ ಕಟ್ಟಿದ. ನಾಳೆ ಮಧ್ಯಾಹ್ನ ಎಸಿ ಹಾಕುವ ಮೊದಲು ಕೋಣೆ ಎಷ್ಟು ಡಿಗ್ರಿ ಇರುತ್ತದೆ ನೋಡಿ ಹೇಳುತ್ತೇನೆ.

ಗೋಪಾಳದ ಮನೆ
ಏಪ್ರಿಲ್ 16, ಮಧ್ಯಾಹ್ನ 2:30

36 ಇರುತ್ತಿದ್ದದ್ದು ಇವತ್ತು 33. ಎಸಿ 26ಕ್ಕೆ ಇಟ್ಟರೆ ಬೇಗ ತಂಪಾಗುತ್ತಿದೆ.

ಕಾನೂನು ಓದಿದವ
ಮೇ 20, ಸಂಜೆ 6:40

ಮೇಡಂ, ಹೇಗಿದ್ದಾರೆ ಅಪ್ಪ? ಅಂಗಡಿಯವರ ಹತ್ತಿರ ಮಾತಾಡಿದಿರಾ? ಗೋಡೆಯ ಕಲೆ ಏನಾಯಿತು?

ಗೋಪಾಳದ ಮನೆ
ಮೇ 20, ರಾತ್ರಿ 9:00

ಅಪ್ಪ ಚೆನ್ನಾಗಿದ್ದಾರೆ. ಬೆನ್ನು ಎಲ್ಲೂ ಕೆಂಪಾಗಿಲ್ಲ, ದಿನಾ ನೋಡುತ್ತಿದ್ದೇವೆ.

ಅಂಗಡಿಗೆ ಫೋಟೋ, ಬಿಲ್ ತಗೊಂಡು ಹೋದೆ. ಯಜಮಾನರು ಮೊದಲು ಒಪ್ಪಲಿಲ್ಲ. 1915ಕ್ಕೆ ದೂರು ಕೊಟ್ಟ ಮೇಲೆ ಎರಡನೇ ಸಲ ತಗೊಂಡ 3,200 ವಾಪಸ್ ಕೊಟ್ಟರು. ಇನ್ನು ಮುಂದೆ ನೊರೆ ಹಾಕಿ ನೋಡದೆ ಯಾರ ಮನೆಗೂ ಗ್ಯಾಸ್ ತುಂಬಬೇಡಿ ಅಂತ ಹೇಳಿ ಬಂದೆ.

ಕಲೆ ಹಾಗೇ ಇದೆ. ಬಣ್ಣ ಬಳಿಸಿಲ್ಲ. ಪೆನ್ಸಿಲ್ ಗೆರೆ ಮತ್ತು ಏಪ್ರಿಲ್ 10 ಅಂತ ಬರೆದದ್ದೂ ಹಾಗೇ ಇದೆ. ಪ್ರತಿ ಭಾನುವಾರ ಫಿಲ್ಟರ್ ನೋಡುವಾಗ ಅದನ್ನೂ ನೋಡುತ್ತೇನೆ. ಗೆರೆ ದಾಟಿಲ್ಲ. ಈ ಮಳೆಗಾಲವೂ ದಾಟದಿದ್ದರೆ ದೀಪಾವಳಿಗೆ ಬಣ್ಣ ಹೊಡೆಸುತ್ತೇವೆ.